ಎರಡು ಕಾರ್ಡಿನ ಹೊಸ್ತಿಲು

"ಹಾಗಾದ್ರೆ ಈ ಮನೇಲಿ ಮಾತಾಡ್ತಾ ಇರೋರು ಯಾರು?"

ಸಿಂಚನ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ಕೈಯಲ್ಲಿ ಅರ್ಧ ತುರಿದ ಕಾಯಿಹೋಳು, ಒಲೆಯ ಮೇಲೆ ಅವರೆಕಾಳಿನ ಸಾರು. ನಡುಮನೆಯಿಂದ ಅಮ್ಮನ ದನಿ ಬರುತ್ತಿತ್ತು. ದನಿ ಅಮ್ಮನದೇ. ರಾಗವೂ ಅಮ್ಮನದೇ. ಆದರೆ ಪದ್ಯ ತಪ್ಪಾಗಿತ್ತು.

ಅಂದು ತಾತನ ಪುಣ್ಯತಿಥಿ. ಅಮ್ಮನ ಅಪ್ಪ, ಬಾಣಾವರದ ಶಾಲೆಯಲ್ಲಿ ಮೇಷ್ಟರಾಗಿದ್ದವರು, ಭಾಮಿನಿ ಷಟ್ಪದಿಯಲ್ಲಿ ಒಂದಷ್ಟು ಪದ್ಯ ಬರೆದಿಟ್ಟಿದ್ದರು. ಅದನ್ನು ಯಾರೂ ಅಚ್ಚು ಹಾಕಿಸಲಿಲ್ಲ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದಿತು. ಉಳಿದದ್ದು ಅಮ್ಮನ ಕೊರಳಲ್ಲಿ, ಆಮೇಲೆ ಸಿಂಚನಳ ಕಿವಿಯಲ್ಲಿ. ಅಮ್ಮ ನಾಗವೇಣಮ್ಮ ನಲವತ್ತು ವರ್ಷ ಗಮಕ ವಾಚನ ಮಾಡಿದವಳು. ಅರಸೀಕೆರೆಯ ಸುತ್ತಿನ ಗುಡಿಗಳಲ್ಲಿ ಅವಳ ಓದು ಕೇಳದ ಕಂಬವಿಲ್ಲ. ಸಿಂಚನ ಹಾಡಿದವಳಲ್ಲ, ಕೇಳಿದವಳು. ಮೂರನೆಯ ವರ್ಷದಿಂದ ಅಮ್ಮನ ತೊಡೆಗೆ ಒರಗಿ ಕೇಳಿದ ಪದ್ಯ, ಮೈಯೊಳಗೆ ರಕ್ತದ ಹಾಗೆ ಓಡಾಡುವ ಪದ್ಯ. ಅದರಲ್ಲಿ ಒಂದಕ್ಷರ ಅತ್ತಿತ್ತ ಆದರೂ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ತಾತ ಬರೆದದ್ದು ಹೀಗೆ:

ಹೊರಗೆ ನಿಂತವನೊಳಗೆ ಬರುವೊಡೆ
ಕರೆದ ದನಿಯನು ಕೇಳಬೇಕೆಲೆ
ತೆರೆದ ಬಾಗಿಲ ನಡುವೆ ನಿಂತೊಡೆ ಹೆಸರ ಕೇಳುವೆ ನಾ

ನಡುಮನೆಯಲ್ಲಿ ಈಗ ಕೇಳಿಸಿದ ಮೂರನೆಯ ಸಾಲು ಬೇರೆ:

ತೆರೆದ ಬಾಗಿಲ ದಾಟಿ ಬಾರೈ ನಿನದೆ ಈ ಮನೆಯು

ಮಾತ್ರೆ ತಪ್ಪಿಲ್ಲ. ಪ್ರಾಸ ತಪ್ಪಿಲ್ಲ. ಕೇಳುವುದಕ್ಕೂ ಹಿತವಾಗಿತ್ತು. ಆದರೆ ಅದು ತಾತನದಲ್ಲ. ಬಂದವನ ಹೆಸರು ಕೇಳಿ ಒಳಗೆ ಬಿಡುವ ಮೇಷ್ಟರು "ಬಾರಪ್ಪ, ಮನೆ ನಿನ್ನದೇ" ಎನ್ನುವ ಜಾತಿಯವರೂ ಅಲ್ಲ.

ಸಿಂಚನ ನಡುಮನೆಗೆ ಬಂದು ನೋಡಿದಳು. ಅಮ್ಮನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕೊರಳಿಗೆ ಸುತ್ತಿದ್ದ ನೀಲಿ ಪಟ್ಟಿ ಮಾತ್ರ ನಗುವ ದನಿಯಲ್ಲಿ ಹೇಳಿತು: "ಎಷ್ಟು ಚೆನ್ನಾಗಿ ಬಂತಲ್ಲ ಮಗಳೇ!"

ಹದಿನಾಲ್ಕು ತಿಂಗಳ ಹಿಂದೆ ಅಮ್ಮನಿಗೆ ಪಾರ್ಶ್ವವಾಯು ಹೊಡೆದಿತ್ತು. ಬಲಗೈ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಏನು ಹೇಳಬೇಕೆಂಬುದು ತಲೆಯಲ್ಲಿರುತ್ತದೆ, ನಾಲಿಗೆಗೆ ಇಳಿಯುವ ದಾರಿ ಮಾತ್ರ ಕುಸಿದಿದೆ ಎಂದರು ಡಾಕ್ಟರು. ಇಪ್ಪತ್ತು ಮೂವತ್ತು ವರ್ಷ ಹಿಂದಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಈಗ ಹಾಗಲ್ಲ. 'ಸುವಾಣಿ' ಕಂಪನಿಯವರ ಪಟ್ಟಿ ಬಂದಿದೆ. ಕೊರಳಿನ ನರ ಮಿಸುಕಿದರೆ ಸಾಕು, ಪಟ್ಟಿ ಆ ಮಿಸುಕಾಟವನ್ನು ಹಿಡಿದು ಗೋಡೆಯ ಮೇಲಿನ ಬಿಳಿ ಡಬ್ಬಿಗೆ ಕೊಡುತ್ತದೆ. ಡಬ್ಬಿ ಅದನ್ನು ತಂತಿಯಲ್ಲಿ ಹೊರಗೆ ಕಳಿಸುತ್ತದೆ. ಎಲ್ಲೋ ದೂರದಲ್ಲಿರುವ ಸುವಾಣಿಯ ದೊಡ್ಡ ಯಂತ್ರ ಈ ಹೆಂಗಸು ಏನು ಹೇಳಲು ಹೊರಟಿರಬಹುದೆಂದು ಊಹಿಸಿ, ಪೂರ್ತಿ ವಾಕ್ಯ ಮಾಡಿ, ಅಕ್ಷರದಲ್ಲಿ ವಾಪಸು ಕಳಿಸುತ್ತದೆ. ಪಟ್ಟಿ ಅದನ್ನು ಅಮ್ಮನದೇ ಹಳೆಯ ದನಿಯಲ್ಲಿ ನುಡಿಯುತ್ತದೆ. ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಇಷ್ಟೂ ಆಗಿಬಿಡುತ್ತದೆ. ಮಾತು ಕಳಕೊಂಡ ಸಾವಿರಾರು ಜನಕ್ಕೆ ಅದು ದೇವರು ಬಂದ ಹಾಗೆ ಬಂದದ್ದು ಸುಳ್ಳಲ್ಲ.

ಅದೇ ಪಟ್ಟಿ ನಾಡಿಯನ್ನೂ ಉಸಿರನ್ನೂ ಕಾಯುತ್ತದೆ. ಎರಡನೆಯ ಸಲ ಹೊಡೆಯುವ ಸೂಚನೆ ಕಂಡರೆ ಆಂಬುಲೆನ್ಸನ್ನು ತಾನೇ ಕರೆಯುತ್ತದೆ. "ಪಟ್ಟಿ ಮಾತ್ರ ಬಿಚ್ಚಬೇಡಿ" ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು.

ಸಿಂಚನ ಗಂಡನಿಗೆ ಪದ್ಯದ ವಿಷಯ ಹೇಳಿದಳು. ಯತೀಶ ಕೊಬ್ಬರಿ ಎಣ್ಣೆಯ ಗಾಣ ನಡೆಸುವವನು, ಅವಸರದ ಮನುಷ್ಯ.

"ಒಂದು ಸಾಲು ತಪ್ಪಿದ್ರೆ ಏನಾಯ್ತೀಗ? ವಯಸ್ಸಾಗಿದೆ, ಮರ್ತಿರ್ತಾರೆ."

"ಅಮ್ಮ ಮರೆಯೋಳಲ್ಲ. ಮರೆತಿದ್ರೂ ಅಷ್ಟು ಚೊಕ್ಕವಾಗಿ ಬೇರೆ ಸಾಲು ಹೊಂದಿಸ್ತಾಳಾ, ಆ ಗಳಿಗೇಲಿ?"

ಯತೀಶ ಅಂಗಿಯ ಗುಂಡಿ ಹಾಕುತ್ತಿದ್ದವನು ನಿಲ್ಲಿಸಿದ. "ನೀನು ಹೇಳಿದ ಮೇಲೆ ನನಗೂ ಒಂದು ವಿಷ್ಯ ಹೊಳೀತಿದೆ ಕಣೆ. ಒಂದು ವರ್ಷದ ಮೇಲಾಯ್ತು, ನಿಮ್ಮಮ್ಮ ನನಗೊಂದು ಮಾತು ಬೈದಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ನಾಗವೇಣಮ್ಮ ಅಳಿಯನಿಗೆ ಬೈಯದ ವಾರವಿರಲಿಲ್ಲ. ಒದ್ದೆ ಟವೆಲನ್ನು ಮಂಚದ ಮೇಲೆ ಬಿಸಾಕುತ್ತಾನೆಂದು ಒಂದು ದಿನ, ಎಣ್ಣೆಗಾಲಲ್ಲಿ ದೇವರಮನೆ ಹಾಯುತ್ತಾನೆಂದು ಇನ್ನೊಂದು ದಿನ. ಈಗ ಪಟ್ಟಿ ಅವನನ್ನು ಕಂಡಾಗಲೆಲ್ಲ "ಬಂದ್ಯಾ ಅಪ್ಪ, ಊಟ ಮಾಡು" ಎನ್ನುತ್ತದೆ. ಟವೆಲು ಮಂಚದ ಮೇಲೆಯೇ ಬಿದ್ದಿರುತ್ತದೆ.

"ನಾನೇನೋ ದೇವರು ಕಣ್ಣುಬಿಟ್ಟ ಅನ್ಕೊಂಡಿದ್ದೆ," ಎಂದ ಯತೀಶ ಮೆಲ್ಲಗೆ.

ಇಷ್ಟೇ ಆಗಿದ್ದರೆ ಸಿಂಚನ ಇನ್ನೂ ನಾಲ್ಕು ದಿನ ಯೋಚಿಸುತ್ತಿದ್ದಳೇನೋ. ಆದರೆ ಸುವಾಣಿಯವರಿಗೆ ಅಮ್ಮನ ದನಿ ಬೇಕಾಗಿತ್ತು. ಅಮ್ಮನ ಹಳೆಯ ವಾಚನದ ರೆಕಾರ್ಡಿಂಗುಗಳನ್ನು ಕೇಳಿ ಮನಸೋತವರು, ನಾಡಿನ ಎಲ್ಲ ಪಟ್ಟಿಗಳಲ್ಲೂ, ಮನೆಮನೆಯ ಮಾತಾಡುವ ಯಂತ್ರಗಳಲ್ಲೂ ಅದೇ ದನಿ ಇಡಬೇಕೆಂದು ಕೇಳಿದ್ದರು. ದನಿ ಕೊಡುವವರು ತಿಂಗಳಿಗೊಂದರಂತೆ ಮೂರು ಸಲ ಬಾಯಾರೆ ಒಪ್ಪಬೇಕೆಂಬುದು ಕಾನೂನು. ರುಜು ನಡೆಯದು, ಸನ್ನೆ ನಡೆಯದು. ಒಪ್ಪಿದ ಮೇಲೆ ಹಿಂದೆ ಪಡೆಯುವಂತಿಲ್ಲ. ಎರಡು ಸಲ ಕೇಳಿದಾಗಲೂ ಅಮ್ಮನ ಪಟ್ಟಿ ಹೇಳಿದ್ದು ಒಂದೇ ಮಾತು: "ಆಗಲಿ ಮಗು, ಒಳ್ಳೆಯದಾಗಲಿ." ಮೂರನೆಯ ಸಲಕ್ಕೆ ಇನ್ನು ಹದಿನೈದು ದಿನ ಉಳಿದಿತ್ತು.

ಕೇಳಿದ ಯಂತ್ರವೂ ಅವರದು, ಉತ್ತರ ಹೇಳಿದ ಯಂತ್ರವೂ ಅವರದು. ನಡುವೆ ಅಮ್ಮ ಎಲ್ಲಿದ್ದಳು?

ಸಿಂಚನ ಪಟ್ಟಿಯ ಜೊತೆ ಬಂದಿದ್ದ ಪುಸ್ತಕವನ್ನು ಮೊದಲಿಂದ ಕಡೆಯವರೆಗೆ ಓದಿದಳು. ರೈಲ್ವೆಯ ಸಿಗ್ನಲ್ ಕೇಂದ್ರದಲ್ಲಿ ಇಪ್ಪತ್ತು ವರ್ಷ ದುಡಿದವಳಿಗೆ ಸಣ್ಣ ಅಕ್ಷರ ಓದುವ ತಾಳ್ಮೆ ಇತ್ತು. ಎಂಬತ್ತನೆಯ ಪುಟದಲ್ಲಿ ಎರಡು ವಿಷಯ ಸಿಕ್ಕವು. ಒಂದು, ಪಟ್ಟಿಯಿಂದ ಹೋಗುವ ಮತ್ತು ಪಟ್ಟಿಗೆ ಬರುವ ಮಾಹಿತಿಯ ಒಂದೊಂದು ಕಂತೆಯ ಮೇಲೂ ಇದು ನಾಡಿಯದು, ಇದು ಮಾತಿನದು ಎಂದು ಚೀಟಿ ಅಂಟಿರುತ್ತದೆ. ಎರಡು, ಊಹೆಯ ವಾಕ್ಯ ಹೊರಗಿನಿಂದ ಬಾರದಿದ್ದರೆ ಪಟ್ಟಿ ಸುಮ್ಮನಾಗುವುದಿಲ್ಲ. ಕೊರಳಿನ ಹಸಿ ದನಿಯನ್ನೇ, ಅದು ಹೇಗಿದೆಯೋ ಹಾಗೆ, ಗಟ್ಟಿ ಮಾಡಿ ಹೊರಡಿಸುತ್ತದೆ.

ಅಂದರೆ ತಂತಿ ಕೀಳಬೇಕಾಗಿಲ್ಲ. ತಂತಿಯ ನಡುವೆ ಒಬ್ಬರು ನಿಂತು ಹೆಸರು ಕೇಳಿದರೆ ಸಾಕು.

ಅಮ್ಮನ ಒಪ್ಪಿಗೆ ಇಲ್ಲದೆ ಕೈಹಾಕುವುದು ಸರಿಯಲ್ಲ. ಬಾಯಲ್ಲಿ ಕೇಳಿದರೆ ಬರುವ ಉತ್ತರ ಯಾರದು? ಸಿಂಚನ ಅಮ್ಮನ ಎಡಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು.

"ಅಮ್ಮ, ಹೊರಗಿಂದ ಬರೋ ಮಾತನ್ನ ನಾನು ನಿಲ್ಲಿಸ್ತೀನಿ. ನಿನ್ನ ಮಾತು ಮುರುಕು ಮುರುಕಾಗಿ ಬರಬಹುದು. ಬರದೇನೂ ಇರಬಹುದು. ಬೇಕು ಅಂದ್ರೆ ಕೈ ಒತ್ತು."

"ಯಾಕೆ ಕಷ್ಟಪಡ್ತೀಯ ಮಗಳೇ? ಈಗ್ಲೇ ಎಲ್ಲಾ ಚೆನ್ನಾಗಿದೆಯಲ್ಲ," ಎಂದಿತು ಪಟ್ಟಿ.

ಅದು ಹಾಗೆ ಹೇಳುತ್ತಿದ್ದಾಗಲೇ ಅಮ್ಮನ ಎಡಗೈ ಮಗಳ ಕೈಯನ್ನು ಹಿಡಿದು ಒತ್ತಿತು. ಬಳೆ ಚರ್ಮಕ್ಕೆ ಅಚ್ಚೊತ್ತುವ ಹಾಗೆ ಒತ್ತಿತು. ಹದಿನಾಲ್ಕು ತಿಂಗಳು ಮಾತು ಸರಾಗವಾಗಿ ಹರಿಯುತ್ತಿದ್ದುದರಿಂದ ಆ ಕೈಯನ್ನು ಒಂದು ಮಾತು ಕೇಳಬೇಕೆಂದು ಈ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

*

ಸಿಗ್ನಲ್ ಕೇಂದ್ರದ ದೊಡ್ಡ ಗೋಡೆಯ ತುಂಬ ಅರಸೀಕೆರೆ ಜಂಕ್ಷನ್ನಿನ ಹಳಿಗಳು ಬೆಳಕಿನ ಗೆರೆಗಳಾಗಿ ಹರಡಿಕೊಂಡಿದ್ದವು. ರೈಲುಗಳು ಈಗ ತಾವೇ ಓಡುತ್ತವೆ. ಆದರೂ ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದಕ್ಕೆ ಮನುಷ್ಯರ ಕಣ್ಣು ಇರಲೇಬೇಕೆಂದು ಇಬ್ಬರನ್ನು ಕೂರಿಸಿದ್ದರು. ಒಬ್ಬಳು ಸಿಂಚನ, ಇನ್ನೊಬ್ಬರು ಇಮ್ತಿಯಾಜ್. ಅವರಿಗೆ ಇನ್ನೆರಡು ವರ್ಷಕ್ಕೆ ನಿವೃತ್ತಿ. ಅವರ ಮೇಜಿನ ಡ್ರಾಯರು ಇಲಾಖೆಯ ಅರ್ಧ ಇತಿಹಾಸ.

"ಎರಡು ನೆಟ್‌ವರ್ಕ್ ಕಾರ್ಡು ಹಾಕಿ ಮನೆ ಕಂಪ್ಯೂಟರನ್ನ ತಂತಿಗೆ ಕಾವಲು ನಿಲ್ಲಿಸ್ತೀರಾ?" ಇಮ್ತಿಯಾಜ್ ನಕ್ಕರು. "ಸಿಂಚನಮ್ಮ, ನಮ್ಮಪ್ಪನ ಕಾಲದ ಮಾತು ಆಡ್ತಿದೀರಲ್ಲ. ಈಗ ಅಂಥ ಡಬ್ಬಾ ಎಲ್ಲಿದೆ?"

"ಅಟ್ಟದ ಮೇಲಿದೆ ಭಾಯ್. ಅಮ್ಮ ವಾಚನ ರೆಕಾರ್ಡ್ ಮಾಡ್ತಿದ್ದದ್ದು. ಒಂದು ಕಾರ್ಡು ಅದರಲ್ಲೇ ಇದೆ. ಇನ್ನೊಂದು ಬೇಕು."

ಇಮ್ತಿಯಾಜ್ ಡ್ರಾಯರಿನಲ್ಲಿ ಕೈಯಾಡಿಸಿ, ಹಳೇ ಚಾವಿ, ಫ್ಯೂಸು, ಜಪದ ತಸ್ಬೀಹಿನ ಒಂದು ಮಣಿ, ಎಲ್ಲವನ್ನೂ ಸರಿಸಿ, ಕಾಗದದಲ್ಲಿ ಸುತ್ತಿದ್ದ ಹಸಿರು ಹಲಗೆಯೊಂದನ್ನು ತೆಗೆದರು. "ತಗೊಳ್ಳಿ. ಒಂದು ಮಾತು ನೆನಪಿರಲಿ. ಎರಡು ಬಾಗಿಲಿಗೂ ಒಂದೇ ಬೀದಿ ವಿಳಾಸ ಕೊಡಬೇಡಿ. ಕೊಟ್ರೆ ಯಾವ ಕಡೆ ಹೋಗಬೇಕು ಅಂತ ಡಬ್ಬಕ್ಕೇ ದಿಕ್ಕು ತೋಚಲ್ಲ. ಹೊರಗಿನದಕ್ಕೆ ಅವರು ಕೊಟ್ಟ ವಿಳಾಸ, ಒಳಗಿನದಕ್ಕೆ ನಿಮ್ಮದೇ ಬೇರೆ ಸಾಲು."

ಅವರ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಬಣ್ಣದ ಹಳೆಯ ಟೋಕನ್ ಯಂತ್ರವಿತ್ತು, ನೋಡುವುದಕ್ಕೆಂದು ಇಟ್ಟದ್ದು. ಒಂದೇ ಹಳಿಯ ದಾರಿಯಲ್ಲಿ ಎರಡು ರೈಲು ಎದುರುಬದುರಾಗಬಾರದೆಂದು ಹಿಂದಿನವರು ಮಾಡಿದ ಉಪಾಯ ಅದು. ಯಂತ್ರ ಒಂದು ಕಬ್ಬಿಣದ ಗುಂಡು ಕೊಡುತ್ತದೆ. ಆ ಗುಂಡು ಕೈಗೆ ಬಾರದೆ ಡ್ರೈವರು ಚಕ್ರ ಉರುಳಿಸುವಂತಿಲ್ಲ. ಒಂದು ಗುಂಡು, ಒಂದು ರೈಲು. ಸಿಂಚನ ಅದನ್ನು ದಿನಾ ನೋಡುತ್ತಿದ್ದಳು. ಅಂದು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

*

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಸಿಂಚನ ಅಟ್ಟದಿಂದ ಕಂಪ್ಯೂಟರನ್ನು ಇಳಿಸಿಕೊಂಡು ನಡುಮನೆಯಲ್ಲಿ ಚಾಪೆ ಹಾಸಿ ಕುಳಿತಳು. ಪಕ್ಕದ ತಗಡು ಬಿಚ್ಚಿ, ಬಣ್ಣದ ಬ್ರಷ್ಷಿನಿಂದ ಧೂಳು ಕೊಡವಿ, ಖಾಲಿ ಸೀಳಿನಲ್ಲಿ ಹೊಸ ಕಾರ್ಡನ್ನು ಇಟ್ಟು ಎರಡು ಹೆಬ್ಬೆರಳಿನಿಂದ ಸಮನಾಗಿ ಒತ್ತಿದಳು. ಟಕ್ಕೆಂದು ಕೂತಿತು. ಒಂದು ಸ್ಕ್ರೂ. ಎರಡು ಕಾರ್ಡಿನ ಬಾಯಿಯ ಮೇಲೂ ಕಾಗದದ ಚೀಟಿ ಅಂಟಿಸಿ ಒಂದಕ್ಕೆ 'ಬೀದಿ' ಎಂದು ಬರೆದಳು, ಇನ್ನೊಂದಕ್ಕೆ 'ನಡುಮನೆ' ಎಂದು. ಎರಡಕ್ಕೂ ಕುಂಕುಮದ ಬೊಟ್ಟಿಟ್ಟಳು.

ಅಮ್ಮ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಬೀದಿಯಿಂದ ಬರುವ ತಂತಿಯನ್ನು ಬಿಳಿ ಡಬ್ಬಿಯಿಂದ ಬಿಡಿಸಿ ಬೀದಿಯ ಕಾರ್ಡಿಗೆ ಚುಚ್ಚಬೇಕು. ಬಿಳಿ ಡಬ್ಬಿಯಿಂದ ಹೊಸದೊಂದು ತಂತಿ ಎಳೆದು ನಡುಮನೆಯ ಕಾರ್ಡಿಗೆ ಕೊಡಬೇಕು. ಆಮೇಲೆ ಪಟ್ಟಿಗೆ ಹೊರಗಿನ ಲೋಕವೆಂದರೆ ಈ ಪೆಟ್ಟಿಗೆಯೊಂದೇ. ಎರಡು ಕಾರ್ಡು ಇದ್ದ ಮಾತ್ರಕ್ಕೆ ಕಂಪ್ಯೂಟರು ಒಂದರಿಂದ ಇನ್ನೊಂದಕ್ಕೆ ಏನನ್ನೂ ದಾಟಿಸುವುದಿಲ್ಲ. ದಾಟಿಸು ಎಂದು ಬಾಯಿಬಿಟ್ಟು ಹೇಳಬೇಕು, ಯಾವುದನ್ನು ದಾಟಿಸಬೇಕೆಂದೂ ಹೇಳಬೇಕು. ಸಿಂಚನ ವಿಳಾಸಗಳನ್ನು ಬೇರೆ ಬೇರೆ ಸಾಲಿನಲ್ಲೇ ಕೊಟ್ಟಳು. ಆಮೇಲೆ ನಿಯಮ ಬರೆಯಲು ಕುಳಿತಳು.

ಅಲ್ಲೇ ಅವಳು ಎಡವಿದ್ದು. ಸಿಗ್ನಲಿನವರ ಕೈಗೆ ಒಂದು ಅಭ್ಯಾಸ ಅಂಟಿರುತ್ತದೆ. ಕೆಲಸ ಶುರುವಿನಲ್ಲಿ ಎಲ್ಲ ದೀಪವನ್ನೂ ಕೆಂಪು ಮಾಡಿಬಿಡುವುದು, ಆಮೇಲೆ ಒಂದೊಂದಾಗಿ ಹಸಿರು ಕೊಡುವುದು. ತಂತಿ ತುಂಡಾದರೂ, ಕರೆಂಟು ಹೋದರೂ ದೀಪ ಕೆಂಪಿಗೇ ಬೀಳಬೇಕು. ಇಪ್ಪತ್ತು ವರ್ಷದ ಪಾಠ ಅದು. ಅವಳ ಬೆರಳು ತಂತಾನೇ ಮೊದಲ ಸಾಲು ಬರೆಯಿತು: ಎಲ್ಲವನ್ನೂ ನಿಲ್ಲಿಸು. ತಂತಿಗಳನ್ನು ಚುಚ್ಚಿ, ಎರಡನೆಯ ಸಾಲಿಗೆ ನಾಡಿಯ ಚೀಟಿಯ ಹೆಸರು ಸರಿಯಾಗಿ ಏನೆಂದು ನೋಡಲು ಪುಸ್ತಕದ ಎಂಬತ್ತನೆಯ ಪುಟ ತೆರೆದಳು. ಕನ್ನಡಕ ಅಡುಗೆಮನೆಯಲ್ಲಿತ್ತು. ತಂದಳು. ಓದಿದಳು. ಬರೆದಳು.

ಅಷ್ಟರಲ್ಲಿ ನಾಡಿಯ ಸುದ್ದಿ ಸುವಾಣಿಗೆ ತಲುಪದೆ ಮೂರು ನಿಮಿಷ ಆಗಿಹೋಗಿತ್ತು. ಹನ್ನೊಂದನೆಯ ನಿಮಿಷಕ್ಕೆ ಬಾಗಿಲಲ್ಲಿ ಆಂಬುಲೆನ್ಸು.

"ಪೇಷಂಟ್ ಎಲ್ಲಿ? ನಾಡಿ ನಿಂತಿದೆ ಅಂತ ಬಂದಿದೆ!" ಸ್ಟ್ರೆಚರು ಹಿಡಿದ ಇಬ್ಬರು ಒಳಗೆ ನುಗ್ಗಿದರು. ಹಿಂದೆ ಅರ್ಧ ಬೀದಿ ನುಗ್ಗಿತು. ನಾಗವೇಣಮ್ಮ ಕುರ್ಚಿಯಲ್ಲಿ ಕೂತು ದ್ರಾಕ್ಷಿ ತಿನ್ನುತ್ತಿದ್ದಳು.

ಯತೀಶ ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದ. ಸಿಂಚನ ತಂತಿಯನ್ನು ಮೊದಲಿದ್ದ ಹಾಗೆ ಬಿಳಿ ಡಬ್ಬಿಗೇ ಚುಚ್ಚಿದಳು. ಸಂಜೆ ಸುವಾಣಿಯಿಂದ ನಿಶ್ಚಲ್ ಎಂಬವನ ಫೋನು ಬಂತು. ಅಮ್ಮನ ದನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಅವನೇ. "ಮೇಡಂ, ಲೈನಿನಲ್ಲಿ ಏನೋ ಅಡ್ಡ ಬಂದಿತ್ತು ಅಂತ ತೋರಿಸ್ತಿದೆ. ಇನ್ನೊಂದು ಸಲ ಹೀಗಾದ್ರೆ ಅಮ್ಮನವರನ್ನ ಆರೈಕೆ ಕೇಂದ್ರಕ್ಕೆ ಸೇರಿಸಬೇಕು ಅಂತ ನಿಯಮ ಇದೆ. ಯಾವುದಕ್ಕೂ ನಾನು ಈ ಗುರುವಾರ ಬಿಟ್ಟು ಮುಂದಿನ ಗುರುವಾರ ಬಂದು ಮೂರನೇ ಒಪ್ಪಿಗೆ ಮುಗಿಸಿಬಿಡ್ತೀನಿ."

*

"ರೈಲು ನಿಂತ್ರೆ ಕ್ಷೇಮ," ಎಂದರು ಇಮ್ತಿಯಾಜ್ ಮರುದಿನ, ಕತೆಯನ್ನೆಲ್ಲ ಕೇಳಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕ ಮೇಲೆ. "ನಾಡಿ ನಿಂತ್ರೆ ಕ್ಷೇಮವಾ?"

ಸಿಂಚನ ಪೆನ್ನು ಕೆಳಗಿಟ್ಟಳು.

"ಎರಡು ಕಾರ್ಡು ಹಾಕಿದೀರಿ, ಎರಡು ಕಡೇನೂ ಒಂದೇ ಬುದ್ಧಿ ಓಡಿಸಿದೀರಿ," ಎಂದರು ಅವರು. "ಒಂದೊಂದಕ್ಕೂ ಕ್ಷೇಮ ಎಲ್ಲಿದೆ ಅಂತ ಬೇರೆ ಬೇರೆ ಕೇಳಬೇಕಮ್ಮ."

ಅದು ಸರಿಯಾಗಿ ಹೊಕ್ಕಿತು. ಅಂದು ಮಧ್ಯಾಹ್ನ ಪಾಳಿ ಮುಗಿಸಿ ಮನೆಗೆ ಬಂದವಳು ತಂತಿಗೆ ಕೈ ಹಚ್ಚುವ ಮೊದಲು ಕಾಗದದಲ್ಲಿ ಪೂರ್ತಿ ಬರೆದಳು. ಒಳಗಿನಿಂದ ಹೊರಕ್ಕೆ ಹೋಗುವ ನಾಡಿಗೂ ಕೊರಳಿನ ಮಿಸುಕಾಟಕ್ಕೂ ಬಾಗಿಲು ಸದಾ ತೆರೆದಿರಲಿ. ನಿಯಮ ಅಳಿಸಿಹೋದರೂ ತೆರೆದೇ ಇರಲಿ. ಹೊರಗಿನಿಂದ ಒಳಕ್ಕೆ ಬರುವ ಮಾತಿಗೆ ಬಾಗಿಲು ಸದಾ ಮುಚ್ಚಿರಲಿ. ಬಂದ ಮಾತು ಬೀದಿಯ ಕಾರ್ಡಿನಲ್ಲೇ ನಿಲ್ಲಲಿ, ಏನು ಬಂತೆಂದು ಪರದೆಯ ಮೇಲೆ ಕಾಣಲಿ. ಮೂರನೆಯದನ್ನು ಟೋಕನ್ ಯಂತ್ರ ಹೇಳಿಕೊಟ್ಟಿತ್ತು: ಅಮ್ಮ ತನ್ನ ಎಡಗೈಯಿಂದ ಪಟ್ಟಿಯನ್ನು ಎರಡು ಸಲ ತಟ್ಟಿದರೆ, ನಿಂತಿರುವ ಒಂದೇ ಒಂದು ಮಾತು ಒಳಗೆ ಬರಲಿ. ಒಂದು ಗುಂಡು, ಒಂದು ಮಾತು. ಗುಂಡು ಕೊಡುವವಳು ಅಮ್ಮ, ಮಗಳಲ್ಲ.

ಈ ಸಲ ಆಂಬುಲೆನ್ಸು ಬರಲಿಲ್ಲ. ಬೀದಿಯ ಕಾರ್ಡಿನ ಹಸಿರು ದೀಪ ನಾಡಿಯ ಲೆಕ್ಕಕ್ಕೆ ಮಿಟುಕುತ್ತಿತ್ತು.

"ಅಮ್ಮ, ಈಗ ಏನಾದ್ರೂ ಹೇಳು."

ಅಮ್ಮ ಬಾಯಿ ತೆರೆದಳು. ಪಟ್ಟಿಯಿಂದ ಬಂದದ್ದು ಗೀರಿದ ಹಾಗೆ ಒಂದು ದನಿ. "ತ... ತ... ಅ..." ಅಷ್ಟೇ. ಪರದೆಯ ಮೇಲೆ ಸುವಾಣಿಯ ವಾಕ್ಯ ಬಂದು ನಿಂತಿತು: ತುಂಬಾ ಸಂತೋಷವಾಯ್ತು ಮಗಳೇ. ಅಮ್ಮ ಅದನ್ನು ಓದಿದಳು. ಅವಳ ಮುಖ ಕೆಂಪಗಾಯಿತು. ಸಂತೋಷ ಅದರಲ್ಲಿ ಎಲ್ಲೂ ಇರಲಿಲ್ಲ.

ಮೂರು ದಿನ ಮನೆ ಮೂಕವಾಯಿತು. ಅಮ್ಮ ಪಟ್ಟಿಯನ್ನು ತಟ್ಟಿದ್ದು ದಿನಕ್ಕೆ ಎರಡೋ ಮೂರೋ ಸಲ, ನೀರು ಕೇಳುವುದಕ್ಕೆ, ಮಾತ್ರೆಯ ಹೆಸರು ಹೇಳುವುದಕ್ಕೆ. ಉಳಿದಂತೆ ಕಿಟಕಿಯ ಕಡೆ ಮುಖ. ಸರಾಗವಾಗಿ ಓಡುತ್ತಿದ್ದ ಮಾತನ್ನು ನಿಲ್ಲಿಸಿ, ಆ ಜಾಗದಲ್ಲಿ ತಾನು ಇಟ್ಟದ್ದು ಬರಿಯ ಮೌನವೇ ಏನು ಎಂದು ಸಿಂಚನಳಿಗೂ ಒಂದು ಗಳಿಗೆ ಎದೆ ಅಳುಕಿತು. ಒಂದೇ ಗಳಿಗೆ. ಅಮ್ಮ ಕೈ ಒತ್ತಿದ್ದು ಇನ್ನೂ ಮರೆತಿರಲಿಲ್ಲ.

ನಾಲ್ಕನೆಯ ದಿನ ಸಂಜೆ ದೀಪ ಹಚ್ಚಿ, ಅಮ್ಮನ ಕಾಲ ಬಳಿ ಕೂತು, ಚಿಕ್ಕಂದಿನ ಹಾಗೆ ಅವಳ ತೊಡೆಗೆ ಒರಗಿದಳು. ಹೇಳಿಕೊಡಲಿಲ್ಲ, ಕೇಳಲಿಲ್ಲ. ಬೆರಳಲ್ಲಿ ಅಮ್ಮನ ಮೊಣಕಾಲ ಮೇಲೆ ತಟ್ಟಿದಳು, ಅಷ್ಟೇ. ಮೂರು, ನಾಲ್ಕು. ಮೂರು, ನಾಲ್ಕು. ಭಾಮಿನಿಯ ನಡೆ.

ಮಾತಿನ ದಾರಿ ಕುಸಿದಿತ್ತು, ನಿಜ. ಆದರೆ ಪದ್ಯ ಆ ದಾರಿಯಲ್ಲಿ ಬರುವುದಿಲ್ಲ. ಅದು ತಲೆಯ ಇನ್ನೊಂದು ಮಗ್ಗುಲಲ್ಲಿ, ತಾಳದ ಜೊತೆ, ಬೇರೆ ಹಳಿಯ ಮೇಲೆ ಓಡುತ್ತದೆ. ಮಾತು ಬಾರದವರು ಹಾಡಬಲ್ಲರೆಂಬುದು ವೈದ್ಯರಿಗೆ ನೂರು ವರ್ಷದಿಂದ ಗೊತ್ತು. ಸುವಾಣಿಗೆ ಅದಕ್ಕೆ ಕಾಯುವ ತಾಳ್ಮೆ ಇರಲಿಲ್ಲ. ಮೊದಲ ಮಿಸುಕಾಟಕ್ಕೇ ವಾಕ್ಯ ಮುಗಿಸಿ ಕೊಟ್ಟುಬಿಡುತ್ತಿತ್ತು.

ಅಮ್ಮನ ಎಡಗೈ ಎದ್ದು ತೊಡೆಯ ಮೇಲೆ ಬಿತ್ತು. ಮೂರು. ನಾಲ್ಕು. ಗೀರು ದನಿಯಲ್ಲಿ, ಆದರೆ ಒಂದು ಮಾತ್ರೆಯೂ ಸೋರದ ಹಾಗೆ, ಹೊರಟಿತು: ಹೊರಗೆ ನಿಂತವನೊಳಗೆ ಬರುವೊಡೆ... ಎರಡನೆಯ ಸಾಲು ಬಂತು. ಆಮೇಲೆ ಮೂರನೆಯದು.

"...ತೆರೆದ ಬಾಗಿಲ ನಡುವೆ ನಿಂತೊಡೆ ಹೆಸರ ಕೇಳುವೆ ನಾ."

ಪರದೆಯ ಮೇಲೆ 'ನಿನದೆ ಈ ಮನೆಯು' ಬಂದು ಹೊರಗೇ ನಿಂತಿತ್ತು. ಯಾರೂ ಅದನ್ನು ತಿರುಗಿ ನೋಡಲಿಲ್ಲ.

ಆಮೇಲಿನ ದಿನಗಳಲ್ಲಿ ಅಮ್ಮ ಮಾತನ್ನೇ ಪದ್ಯದ ಹಳಿಗೆ ಹತ್ತಿಸಿದಳು. ತೊಡೆ ತಟ್ಟಿ, ಉಸಿರು ಕಟ್ಟಿ, ಏಳು ಮಾತ್ರೆಗೆ ಹೊಂದಿಸಿ, ಒಂದೊಂದು ಮಾತಿಗೆ ಒಂದೊಂದು ನಿಮಿಷ ತೆಗೆದುಕೊಂಡು. ಬುಧವಾರ ಬೆಳಿಗ್ಗೆ ಯತೀಶ ಸ್ನಾನ ಮುಗಿಸಿ ಗಾಣಕ್ಕೆ ಹೊರಡುವ ಅವಸರದಲ್ಲಿದ್ದಾಗ ನಡುಮನೆಯಿಂದ ರಾಗವಾಗಿ ಕೇಳಿಸಿತು:

"ಒದ್ದೆ ಟವೆಲನು ಮಂಚದಲ್ಲೇ
ಇದ್ದ ಹಾಗೆಯೆ ಬಿಟ್ಟನಳಿಯಾ!"

ಯತೀಶ ಬಾಗಿಲಲ್ಲೇ ನಿಂತ. "ಏನಂದ್ರು? ನನಗಾ?"

"ನಿಮಗೇ," ಎಂದಳು ಸಿಂಚನ. ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಪ್ರಾಸಾನೂ ತಪ್ಪಿಲ್ಲ."

ಅವನು ಹೋಗಿ ಟವೆಲು ಹರವಿ ಬಂದ. ಬಂದು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹಬ್ಬ ಹರಿದಿನದಲ್ಲೂ ಅವನು ಹಾಗೆ ಮಾಡಿದವನಲ್ಲ. "ಬೈರಿ ಅತ್ತೆ, ಬೈರಿ. ಮನೆ ಮನೆ ಥರ ಆಯ್ತು."

*

ಗುರುವಾರ ಹತ್ತು ಗಂಟೆಗೆ ನಿಶ್ಚಲ್ ಬಂದ. ಮೂವತ್ತರ ಹುಡುಗ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಪ್ಪಿಗೆ ದಾಖಲು ಮಾಡುವ ಅಂಗೈಯಗಲದ ಯಂತ್ರ. ಚಪ್ಪಲಿ ಹೊರಗೆ ಬಿಟ್ಟು, ಅಮ್ಮನಿಗೆ ಕೈಮುಗಿದು ಕುಳಿತ. ಕೆಟ್ಟವನಲ್ಲ. ತನ್ನ ತಾಯಿಯೂ ಪಟ್ಟಿ ಹಾಕುತ್ತಾಳೆಂದು ಹೇಳಿದ, ಹೇಳುವಾಗ ದನಿ ತಗ್ಗಿತು.

"ನಮ್ಮ ಸೇವೆಯ ಬಗ್ಗೆ ಇಷ್ಟು ವರ್ಷದಲ್ಲಿ ಒಂದೇ ಒಂದು ದೂರು ಬಂದಿಲ್ಲ ಮೇಡಂ."

"ಹೇಗೆ ಬರತ್ತೆ?" ಎಂದಳು ಸಿಂಚನ. "ದೂರು ಹೇಳೋದಕ್ಕೂ ನಿಮ್ಮ ಪಟ್ಟಿಯಲ್ಲೇ ಹೇಳಬೇಕಲ್ಲ. ಅದು ಯಾವ ಮಾತು ಆರಿಸತ್ತೆ?"

"ಅವರ ವಯಸ್ಸಿನವರು ಹೆಚ್ಚಾಗಿ ಹೇಳೋ ಮಾತು. ಕೇಳೋರಿಗೆ ನೋವಾಗಬಾರದು, ಅಷ್ಟೇ."

"ನಿಮ್ಮ ತಾಯಿ ಮುಂಚೆ ನಿಮಗೆ ಬೈತಿದ್ರಾ?"

ನಿಶ್ಚಲ್‌ನ ಕಣ್ಣು ಮೂಲೆಯಲ್ಲಿದ್ದ ಕಂಪ್ಯೂಟರಿನ ಮೇಲೆ, ಕುಂಕುಮವಿಟ್ಟ ಎರಡು ಕಾರ್ಡುಗಳ ಮೇಲೆ ಹೋಯಿತು. ಬಗ್ಗಿ ಚೀಟಿಗಳನ್ನು ಓದಿದ. ಓದುಬಲ್ಲವನು, ಅರ್ಥ ಮಾಡಿಕೊಂಡ. "ಮೇಡಂ, ಒಪ್ಪಿಗೆ ಮುಗಿಯೋವರೆಗೆ ಇದನ್ನ ತೆಗೆದು ನೇರ ಲೈನಿಗೆ ಹಾಕಬಹುದಾ? ಅಮ್ಮನವರಿಗೆ ಸುಲಭ ಆಗತ್ತೆ."

"ಸುಲಭ ಬೇಕಿದ್ರೆ ಅಮ್ಮನೇ ಪಟ್ಟಿ ತಟ್ಟಿ ತಗೋತಾರೆ. ಅದಕ್ಕೆ ದಾರಿ ಇಟ್ಟಿದೀನಿ. ನಾಡಿ ಹೋಗ್ತಿದೆ, ನೋಡಿ, ಹಸಿರು ದೀಪ. ನಿಮ್ಮ ಯಾವ ನಿಯಮಾನೂ ಮುರಿದಿಲ್ಲ. ಕೇಳಿ, ಏನು ಕೇಳಬೇಕೋ."

ನಿಶ್ಚಲ್ ಯಂತ್ರವನ್ನು ಮೇಜಿನ ಮೇಲಿಟ್ಟ. ಕೆಂಪು ಚುಕ್ಕೆ ಹೊತ್ತಿತು. ಯತೀಶ ಗಾಣಕ್ಕೆ ಹೋಗದೆ ಬಾಗಿಲಿಗೆ ಒರಗಿ ನಿಂತಿದ್ದ.

"ನಾಗವೇಣಮ್ಮನವರೇ, ಮೂರನೆಯ ಸಲ ಕೇಳ್ತಿದೀನಿ. ನಿಮ್ಮ ದನಿಯನ್ನ ನಾಡಿನ ಎಲ್ಲರ ಬಳಕೆಗೆ ಸುವಾಣಿಗೆ ಕೊಡ್ತೀರಾ?"

ಅಮ್ಮನ ಕೊರಳು ಮಿಸುಕಿತು. ಆ ಮಿಸುಕಾಟ ನಡುಮನೆಯ ಕಾರ್ಡಿಗೆ ಬಂದು, ಬೀದಿಯ ಕಾರ್ಡಿನಿಂದ ಹೊರಗೆ ಹೋಗಿ, ರೆಪ್ಪೆ ಮುಚ್ಚುವುದರೊಳಗೆ ವಾಕ್ಯವಾಗಿ ಮರಳಿತು. ಪರದೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ನಿಂತಿತು: ಆಗಲಿ ಮಗು, ಒಳ್ಳೆಯದಾಗಲಿ.

ನಿಶ್ಚಲ್ ಅದನ್ನು ಓದಿದ. ಅಮ್ಮನೂ ಓದಿದಳು.

ಅಮ್ಮನ ಎಡಗೈ ಮೇಲೆದ್ದಿತು. ಪಟ್ಟಿಯ ಹತ್ತಿರ ಹೋಯಿತು. ಎರಡು ಸಲ ತಟ್ಟಿದರೆ ಮುಗಿಯಿತು. ಹೊಸ್ತಿಲಲ್ಲಿ ನಿಂತ ಮಾತು ಒಳಗೆ ಬಂದು ಅವಳದೇ ದನಿಯಲ್ಲಿ ನುಡಿದುಬಿಡುತ್ತದೆ. ಬೆರಳು ನೀಲಿ ಬಟ್ಟೆಯನ್ನು ಮುಟ್ಟಿತು. ಸಿಂಚನ ತಡೆಯಲಿಲ್ಲ. ತಟ್ಟಿದರೂ ಅದು ಅಮ್ಮನ ಗುಂಡು.

ಬೆರಳು ಸಡಿಲ ಆಗಿದ್ದ ಪಟ್ಟಿಯ ಅಂಚನ್ನು ಸರಿಮಾಡಿ, ಕೆಳಗೆ ಇಳಿದು, ತೊಡೆಯ ಮೇಲೆ ಬಿತ್ತು. ಮೂರು. ನಾಲ್ಕು.

"ಕೊಡೆನು ನಾನಿದ," ಎಂದಿತು ಗೀರು ದನಿ.

ನಿಶ್ಚಲ್ ಯಂತ್ರದ ಕಡೆ ನೋಡಿದ, ಅಮ್ಮನ ಕಡೆ ನೋಡಿದ. "ಅದು... ಪದ್ಯ ಅಲ್ವಾ ಅಮ್ಮ? ದಾಖಲೆಗೆ ಮಾತಲ್ಲಿ ಬೇಕು. ಇವತ್ತು ಆಯಾಸ ಆಗಿದ್ರೆ ಪರವಾಗಿಲ್ಲ, ಮುಂದಿನ ತಿಂಗಳು ಬರ್ತೀನಿ. ಆಗ ಕೊಡ್ತೀರಲ್ಲ?"

ಅಮ್ಮ ತಾಳ ಹಾಕುತ್ತಿದ್ದ ಕೈಯನ್ನು ನಿಲ್ಲಿಸಿದಳು. ಮಡಿಲಲ್ಲಿ ಇಟ್ಟುಕೊಂಡಳು. ತಾಳವಿಲ್ಲದೆ, ರಾಗವಿಲ್ಲದೆ, ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ, ನೆಟ್ಟಗೆ ಅವನ ಮುಖ ನೋಡಿ ಹೇಳಿದಳು:

"ಕೊಡಲ್ಲ."